ಒಲೆ ಹತ್ತದ ಮನೆಗೆ ಬುತ್ತಿ

೧೨ ಜೂನ್ ೧೯೭೯, ಮಂಗಳವಾರ

ಪ್ರೆಸ್ಸಿನಲ್ಲಿ ಇಡೀ ದಿನ ಅಚ್ಚಿನ ಮೊಳೆ ಜೋಡಿಸಿದ್ದೇ ಆಯಿತು. ಮಿಲಿಟರಿ ಕ್ಯಾಂಪಿನ ಚರ್ಚಿನ ಪ್ರಾರ್ಥನೆ ಹಾಳೆ. ನಡುವೆ ಒಂದು ತಿಳಿಯದ ಶಬ್ದ — ಎಲೆಯೋಸ್. ಪ್ರೂಫ್ ನೋಡಲು ಬಂದ ಫಾದರ್ ಮೆನೆಝಿಸ್‌ರನ್ನು ಕೇಳಿದೆ.

“ಹಳೇ ಗ್ರೀಕ್ ಶಬ್ದ, ಗುರುಪಾದಪ್ಪ. ದಯಾ, ಕರುಣಾ ಅಂತ ಅರ್ಥ. ಆದ್ರ ಅಯ್ಯೋ ಪಾಪ ಅಂದು ಕುಂತ್ರ ಆಗೂದಿಲ್ಲ. ಎದ್ದು ಅವರ ಮನೀಗೆ ಹೋಗಬೇಕು.”

“ತಪ್ಪ ಮಾಡಿದವರ ಮನೀಗೂ ಏನ್ರಿ?”

“ಖರೇ ಹೇಳಲೇನು? ಅಲ್ಲೇ ಮೊದಲ ಹೋಗಬೇಕು.”

ಮೈ ಉರಿದುಹೋಯಿತು. ಇವರಿಗೇನು ಗೊತ್ತು! ಖಾನಾಪುರದಲ್ಲಿ ಭಾವ ರಾಯಪ್ಪ ಲಾರಿಯಡಿ ಸಿಕ್ಕು ಸತ್ತದ್ದು ಯುಗಾದಿಗೆ ಸ್ವಲ್ಪ ಮುಂಚೆ. ಓಡಿಸಿದವನು ಅವರದೇ ಓಣಿಯ ಭರಮಪ್ಪ, ಕುಡಿದಿದ್ದ. ಅಂದಿನಿಂದ ಅಕ್ಕ ಚಂದ್ರವ್ವ ಸರಿಯಾಗಿ ಉಂಡಿಲ್ಲ, ಕಡ್ಡಿಯಾಗಿದ್ದಾಳೆ. ಭರಮಪ್ಪ ಜೈಲಿನಲ್ಲಿದ್ದಾನೆ. ಯಾರೂ ಜಾಮೀನು ನಿಲ್ಲಬೇಡಿ ಎಂದು ಓಣಿಗೆಲ್ಲ ನಾನೇ ಹೇಳಿಬಂದಿದ್ದೇನೆ. ದಯೆಯಂತೆ!

೧೫ ಜೂನ್

ಫಾದರ್ ಬಂದು ಹಾಳೆ ಒಯ್ದರು. ಮೊಳೆಗಳಿಂದ ತಲೆ ಎತ್ತಲಿಲ್ಲ ನಾನು.

೨೪ ಜೂನ್, ಭಾನುವಾರ, ಸಂಜೆ. ಖಾನಾಪುರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಗಿನ ಪ್ಯಾಸೆಂಜರಿಗೆ ಬಂದೆ. ಸ್ಟೇಷನ್ನಿನಲ್ಲೇ ಸುದ್ದಿ — ಭರಮಪ್ಪನ ಅಪ್ಪ ನಿನ್ನೆ ತೀರಿಕೊಂಡ. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಓಣಿಯವರೇ ಬುತ್ತಿ ಒಯ್ಯಬೇಕು. ಯಾರೂ ಒಯ್ದಿಲ್ಲ. ಅವನ ಅವ್ವ ಕಾಶವ್ವ ಒಬ್ಬಳೇ ಕುಳಿತಿದ್ದಾಳಂತೆ. ಕೇಳಿ ಹಾಯೆನಿಸಿತು.

ಮನೆಗೆ ಬಂದರೆ ಅಕ್ಕ ರೊಟ್ಟಿ ಬಡಿಯುತ್ತಿದ್ದಾಳೆ! ಯಾರಿಗೆ ಎಂದೆ. ಕಾಶವ್ವನಿಗೆ ಎಂದಳು.

“ತಲಿ ಕೆಟ್ಟೈತೇನಕ್ಕಾ? ಆಕಿ ಮಗಾ ನಮ್ಮ ಮನಿ ಹಾಳ ಮಾಡ್ಯಾನ!”

“ನಾ ಏನ್ ಮರತೇನೇನು? ನಿಮ್ಮ ಭಾವ ಹೋದಾಗ ಓಣಿಯವ್ರೆಲ್ಲಾ ಬುತ್ತಿ ತಂದ್ರು. ಆಕಿ ಬಾಗಲಕ ಯಾರ್ ಹೋಗ್ಯಾರ? ಆಕಿ ಹೊಟ್ಟಿ ಏನ್ ಲಾರಿ ಹೊಡದೈತೇನು?”

ಬುಟ್ಟಿ ಹೊತ್ತು ಹೊರಟೇಬಿಟ್ಟಳು. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ನಾನು ಹಿಂದೆ ಹಿಂದೆ. ಬೈಯುತ್ತ ಹೊರಟವನು ಅರ್ಧ ದಾರಿಯಿಂದ ಅವಳ ಬೆನ್ನನ್ನೇ ನೋಡುತ್ತ ನಡೆದೆ. ಚಿಕ್ಕವನಿದ್ದಾಗ ನನ್ನನ್ನು ಎತ್ತಿ ಆಡಿಸಿದ ಅಕ್ಕ ಇವಳೇನಾ? ಇಷ್ಟು ದೊಡ್ಡವಳು ನಮ್ಮ ಮನೆಯಲ್ಲೇ ಇದ್ದಳೇ? ಕೈಮುಗಿಯಬೇಕೆನಿಸಿತು.

ಬಾಗಿಲು ತೆಗೆದ ಕಾಶವ್ವ ಅಕ್ಕನನ್ನು ಕಂಡು ಗೋಡೆಗೆ ಒರಗಿಬಿಟ್ಟಳು.

“ನೀ ಯಾಕ ಬಂದೀ ತಂಗೀ... ಯಾವ ಮಾರಿ ಇಟ್ಕೊಂಡು ಉಣ್ಣಲಿ ನಾ?”

“ನಾನೂ ಉಂಡಿಲ್ಲಬೇ. ನೀ ಒಂದ್ ತುತ್ತ ತಗೋ, ನಾನೂ ತಗೋತೇನಿ.”

ಅಕ್ಕ ರೊಟ್ಟಿ ಮುರಿದಳು. ಇಬ್ಬರೂ ಅಳುತ್ತಲೇ ತಿಂದರು. ನಾನು ಹೊಸ್ತಿಲಾಚೆ ನಿಂತಿದ್ದೆ. ಕಾಶವ್ವ ನನ್ನ ಕಡೆಗೂ ಒಂದು ತುಂಡು ಚಾಚಿದಳು. ಆ ಕೈ ಹಾಗೆಯೇ ಇತ್ತು, ಇಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ತುಂಡು ಇಸಿದುಕೊಂಡೆ.