ಎಗೆರ್‌ನಲ್ಲಿ ಸಿಕ್ಕ ನಮ್ಮ ಪೀಪಾಯಿ

ಎಗೆರ್, ಬುಧವಾರ

ಅಂಬ್ರುಶ್ ಅಣ್ಣ,

ಈ ಕಾರ್ಡಿನಲ್ಲಿ ಜಾಗ ಕಡಿಮೆ, ನನ್ನ ಹೊಟ್ಟೆಯಲ್ಲಿ ಉರಿ ಜಾಸ್ತಿ. ಸಂಗೀತ ಕೇಳಲು ಬಂದವಳು ನಿನ್ನೆ ವಸತಿಗೃಹದ ನೆಲಮಾಳಿಗೆಯಲ್ಲಿ ನಮ್ಮ ಪೀಪಾಯಿಯನ್ನು ನೋಡಿದೆ. ವಿನೆಗರ್‌ಗಾದರೂ ಆಗಲಿ ಎಂದು ಮಾರ್ಚಿನಲ್ಲಿ ನೀನು ವೈನ್ ಸಮೇತ ಮಾರಿ ಸಾಗಹಾಕಿದೆಯಲ್ಲ, ಅದೇ. ಅಪ್ಪ ಕಾದ ಕಬ್ಬಿಣದಲ್ಲಿ ಸುಟ್ಟು ಬರೆದ ಮೂರು ಕಾಲಿನ ಹೆಬ್ಬಾತು ಮುಚ್ಚಳದ ಮೇಲೆ ಹಾಗೇ ಇದೆ.

ವಸತಿಗೃಹದ ಯಜಮಾನ ಬಾರ್ನಾ ಅದೇ ಪೀಪಾಯಿಯಿಂದ ಗಾಜಿನ ಕೊಳವೆಯಲ್ಲಿ ವೈನ್ ಎಳೆದು ಎಲ್ಲರ ಲೋಟಕ್ಕೂ ಬಿಟ್ಟ. "ನಮ್ಮಜ್ಜ ನೆಟ್ಟ ಬಳ್ಳೀದು ಕಣ್ರೀ. ಈ ಬೆಟ್ಟದ ಕಲ್ಲಿನ ರುಚಿ ಬರ್ತಿದೆಯಾ?"

ಸಂಜೆ ಪಿಟೀಲು ನುಡಿಸಬೇಕಿದ್ದವರು ಕಣ್ಣು ಮುಚ್ಚಿಕೊಂಡು, "ಬರ್ತಿದೆ, ಬರ್ತಿದೆ" ಎಂದರು.

"ನಿಮ್ಮದು ಯಾವ ಕಡೆ?" ಎಂದು ಬಾರ್ನಾ ನನ್ನನ್ನು ಕೇಳಿದ.

"ಕೆಳಗಿನ ಬಯಲು. ಮರಳು ನೆಲ."

"ಅಯ್ಯೋ ಪಾಪ. ಹಾಗಾದ್ರೆ ಇನ್ನರ್ಧ ಲೋಟ ಹಾಕಿಸ್ಕೊಳ್ಳಿ. ನಿಮ್ಮ ಕಡೆ ಇಂಥದ್ದು ಎಲ್ಲಿ ಸಿಗ್ಬೇಕು."

ಹಾಕಿಸಿಕೊಂಡೆ. ನನ್ನ ಹಾಸಿಗೆ, ಬೆಳಗಿನ ತಿಂಡಿ ಎರಡೂ ಅವನ ಕೈಯಲ್ಲಿದ್ದುದರಿಂದ ಬಾಯಿ ಬಿಡಲಿಲ್ಲ. ವೈನ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಸಂಗೀತವೂ ಚೆನ್ನಾಗಿತ್ತೆಂದು ಪಕ್ಕದವರು ಹೇಳಿದರು. ನಾನು ನಿದ್ದೆ ಹೋಗಿದ್ದೆ. ನನ್ನ ಮಂಡಿನೋವು ಈಗ ನೆಲಮಾಳಿಗೆಯ ಮೆಟ್ಟಿಲು ಹತ್ತುವಾಗಷ್ಟೇ ಕಾಡುತ್ತದೆ.

ಭಾನುವಾರ ಬರುತ್ತೇನೆ. ತಿಂಗಳ ಕೊನೆಗೆ ನಮ್ಮ ದ್ರಾಕ್ಷಿ ಬಳ್ಳಿ ಬುಡಸಮೇತ ಕೀಳಲು ಬರುವ ಟ್ರ್ಯಾಕ್ಟರಿನವನಿಗೆ ಬೇಡ ಎಂದು ಹೇಳು. ನಿನಗೊಂದು ಬಾಟಲಿ ತರುತ್ತಿದ್ದೇನೆ. ಅದರ ಮೇಲೆ ಅಂಟಿಸಿರುವ ಚಿತ್ರದಲ್ಲಿ ಮೀಸೆ ತಿರುವುತ್ತಿರುವುದು ಬಾರ್ನಾನ ಅಜ್ಜ; ಒಳಗಿರುವುದು ನೀನು ನಾಚಿಕೊಂಡು ಮಾರಿದ್ದು.

ಎತೆಲ್ಕಾ