ದಾರವಿಲ್ಲದ ಹೊಲಿಗೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಕೆಮ್ಮು ಕಮ್ಮಿಯಾಯಿತೇ? ಜೈಲಿನ ನೆಲ ತಣ್ಣಗೆ ಕೊರೆಯುತ್ತದೆ ಎಂದು ಬರೆದಿದ್ದಿರಿ. ಅಮ್ಮ ಹಳೆಯ ಕೋಟುಗಳ ಬಟ್ಟೆ ಜೋಡಿಸಿ ದಪ್ಪ ಹೊದಿಕೆ ಹೊಲಿದಿದ್ದಾಳೆ, ಕಳಿಸುತ್ತೇವೆ. ಹೊಲಿದದ್ದು ಅವಳು, ಸೂಜಿಗೆ ದಾರ ಪೋಣಿಸಿದ್ದು ನಾನು. ನೀವು ಇಸ್ತ್ರಿ ಪೆಟ್ಟಿಗೆಯಿಂದ ಜಜ್ಜಿದ ಅವಳ ಬಲಗೈ ಹೆಬ್ಬೆರಳು ಇನ್ನೂ ಮಡಚಲು ಬರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಗೇಣುದ್ದ ಬೆಳೆದಿದ್ದೇನೆ ಎಂದರೆ ನೀವು ನಂಬುವುದಿಲ್ಲ, ಆದರೆ ಸ್ಟೂಲಿನ ತುದಿಗೆ ಸರಿಯದೆಯೇ ಮೆಷಿನ್ನಿನ ಪೆಡಲು ಕಾಲಿಗೆ ಎಟುಕುತ್ತದೆ.

ಮುಂದಿನ ತಿಂಗಳು ಬಿಡುಗಡೆ, ಮನೆಗೇ ಬರುತ್ತೇನೆ, ಅಮ್ಮನನ್ನು ಒಪ್ಪಿಸು ಎಂದಿದ್ದೀರಿ. ನನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ ಎಂದೂ ಬರೆದಿದ್ದೀರಿ. ಅದು ನಿಜ. ಅದಕ್ಕೇ ಉತ್ತರ ಇಷ್ಟು ತಡವಾಯಿತು.

ಪಕ್ಕದ ಬೀಗ ರಿಪೇರಿಯವರ ಮಗಳು, ನನ್ನ ಜೀವದ ಗೆಳತಿ ಮಿಡತೆ ನೆನಪಿದ್ದಾಳಲ್ಲ? ಒಂದು ಕಡೆ ಕೂರದ ಹುಡುಗಿ ಎಂದು ಆ ಹೆಸರಿಟ್ಟವರೇ ನೀವು. ಆ ಕೊನೆಯ ರಾತ್ರಿ ಅವಳು ಕರೆದದ್ದಕ್ಕೇ ಅವಳಪ್ಪ ನಮ್ಮ ಬೀಗ ತೆಗೆದು ಒಳಗೆ ಬಂದರು, ಅವರ ಹಿಂದೆ ಪೊಲೀಸರು ಬಂದರು. ಮರುದಿನ ಶಾಲೆಯ ನಲ್ಲಿಯ ಹತ್ತಿರ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಮುಖವನ್ನು ನಲ್ಲಿಗೆ ಅಪ್ಪಳಿಸಿದೆ. ಮುಂದಿನ ಹಲ್ಲು ಮುರಿದು ತೊಟ್ಟಿಗೆ ಬಿತ್ತು, ನೀರೆಲ್ಲ ಕೆಂಪಾಯಿತು. ಅಷ್ಟಕ್ಕೂ ಬಿಡದೆ ಬಿದ್ದವಳ ಬೆನ್ನಿಗೆ ಒದ್ದೆ. ‘ಬಾಯಿ ಬಿಟ್ರೆ ಸಾಯಿಸಿಬಿಡ್ತೀನಿ’ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಆ ಮಾತು ನಿಮ್ಮದು. ಜಡೆ ಸುತ್ತಿಕೊಂಡ ರೀತಿಯೂ ನಿಮ್ಮದೇ. ನನ್ನ ಕೈ ಕಂಡರೆ ನನಗೇ ಹೇಸಿಗೆಯಾಯಿತು.

ಅಂದಿನಿಂದ ಅವಳು ಟೋಪಿ ಅಂಗಡಿಯವರ ಮಗಳ ಪಕ್ಕ ಕೂರತೊಡಗಿದಳು. ಇಬ್ಬರೂ ಕಿಸಿಕಿಸಿ ನಗುವಾಗ ಮಿಡತೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾನು ಹೊಟ್ಟೆಕಿಚ್ಚಿನಿಂದ ಬೆಂದುಹೋದೆ. ಹೋದ ವಾರ ಯೂನಿಫಾರ್ಮಿನ ಅಂಚು ಬಿಚ್ಚಿಹೋಗಿ ಅವಳು ಅಂಗಡಿಗೆ ಬರಲೇಬೇಕಾಯಿತು. ಅಮ್ಮನ ಕೈ ನೋಯುತ್ತಿತ್ತು, ಹೊಲಿಯಲು ನಾನೇ ಕೂತೆ. ಬಟ್ಟೆ ತಿರುಗಿಸಲು ನಿಲ್ಲಿಸಿದೆ, ದಾರ ಕತ್ತರಿಸಲು ಮತ್ತೆ ನಿಲ್ಲಿಸಿದೆ. ನೋಡುತ್ತಾ ನಿಂತವಳು ಮೆಲ್ಲಗೆ ಹೇಳಿದಳು: ‘ನಿಜವಾಗ್ಲೂ ಹೊಲಿಯೋವಾಗ ಹೀಗೆ ನಿಲ್ಲಿಸಿ ನಿಲ್ಲಿಸಿ ಹೊಲೀತೀಯ. ಆ ರಾತ್ರಿಗಳಲ್ಲೆಲ್ಲ ಮೆಷಿನ್ ನಿಲ್ತಾನೇ ಇರ್ಲಿಲ್ಲ ಕಣೇ.’

ಅಪ್ಪಾ, ಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ, ‘ಮೆಷಿನ್ ತುಳಿ’ ಎನ್ನುತ್ತಿದ್ದಿರಲ್ಲ. ಅಮ್ಮನ ತಲೆ ಗೋಡೆಗೆ ಬಡಿಯುವ ಸದ್ದು ಬೀದಿಗೆ ಕೇಳದಿರಲೆಂದು ನಾನು ಬಟ್ಟೆಯಿಲ್ಲದ, ದಾರವಿಲ್ಲದ ಮೆಷಿನ್ನನ್ನು ತುಳಿದೇ ತುಳಿದೆ. ಜೋರಾಗಿ ತುಳಿದರೆ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ, ನಮ್ಮ ಗೋಡೆಯ ಕಿವಿ ಮಿಡತೆಯದು. ಮೆಷಿನ್ ಯಾವಾಗ ನಿಲ್ಲುತ್ತದೋ ಎಂದು ಆಚೆಗೆ ಕಾಯುತ್ತಾ ಮಲಗಿರುತ್ತಿದ್ದಳಂತೆ. ಕೇಳಿ ನಾನು ಅತ್ತುಬಿಟ್ಟೆ. ಅವಳು ಹಲ್ಲಿನ ಸಂದಿಯಿಂದ ಸೀಟಿ ಹೊಡೆದು ತೋರಿಸಿದಳು, ಈಗ ಬಹಳ ಚೆನ್ನಾಗಿ ಬರುತ್ತದಂತೆ. ಇವತ್ತಿಗೂ ಟೋಪಿಯವರ ಮಗಳ ಪಕ್ಕವೇ ಕೂರುತ್ತಾಳೆ. ಕೂರಲಿ, ನಾನು ಮಾಡಿದ್ದಕ್ಕೆ ಅದು ಕಮ್ಮಿಯೇ.

ನಿಮ್ಮ ನೆನಪು ಬರುವುದಿಲ್ಲ ಎಂದುಕೊಳ್ಳಬೇಡಿ. ಕೋಟಿನ ದೊಡ್ಡ ಗುಂಡಿಗಳನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನನ್ನನ್ನು ಬಿದ್ದು ಬಿದ್ದು ನಗಿಸುತ್ತಿದ್ದಿರಿ. ಆ ಅಪ್ಪ ನನಗೆ ಬೇಕು. ಬದಲಾಗಿದ್ದೇನೆ ಎಂದು ಬರೆದಿದ್ದೀರಿ, ಆದರೆ ಪ್ರತಿ ಸಲವೂ ಮರುದಿನ ಬೆಳಿಗ್ಗೆ ಹಾಗೆಯೇ ಅನ್ನುತ್ತಿದ್ದಿರಿ.

ಹೊತ್ತು ಹೊತ್ತಿಗೆ ಊಟ ಮಾಡಿ, ಹೊದಿಕೆಯನ್ನು ಕಿವಿ ಮುಚ್ಚುವಂತೆ ಹೊದ್ದುಕೊಳ್ಳಿ. ನಮಸ್ಕಾರಗಳು.

ನಿಮ್ಮ ಮಗಳು,
ಗುಂಡಿ

ತಾ.ಕ.: ಅಮ್ಮನನ್ನು ಕೇಳಿದೆ. ‘ನೀನು ಹೂಂ ಅಂದ್ರೆ ಬರಲಿ’ ಎಂದಳು. ನಾನು ಹೂಂ ಅನ್ನಲಿಲ್ಲ. ಬರಬೇಡಿ ಅಪ್ಪಾ. ಮಿಡತೆಯ ಅಪ್ಪ ಹೊಸ ಬೀಗ ಹಾಕಿಕೊಟ್ಟಿದ್ದಾರೆ. ಅಷ್ಟಾದರೂ ನೀವು ಬಂದರೆ, ನಾನು ಮೆಷಿನ್ ತುಳಿಯುವುದಿಲ್ಲ.