ಕನ್ನಡಿಯ ಮೇಲಿನ ಹೆಸರು

ಮಾರ್ಚ್ ೧೧, ಮಂಗಳವಾರ

ಆಕೆಯ ತಲೆ ತೊಳೆಯುತ್ತಿದ್ದ ನನ್ನ ಕೈ ಒಂದು ಗಳಿಗೆ ನಿಂತುಹೋದದ್ದು ಆಕೆಗೆ ಗೊತ್ತಾಯಿತೇ? ಬೆಳಗ್ಗಿನಿಂದ ಇದೇ ಕೊರೆಯುತ್ತಿದೆ.

ಪಾರ್ಲರಿಗೆ ಬಂದ ಆ ವಯಸ್ಸಾದ ಹೆಂಗಸು ಕೌಂಟರಿನಲ್ಲಿ ಹೇಳಿದ್ದು ನನ್ನದೇ ಹೆಸರು. ಅಮ್ಮ ಇಟ್ಟ, ಇನ್ನೊಬ್ಬರಿಗೆ ಇದ್ದದ್ದನ್ನು ನಾನೆಂದೂ ಕೇಳದ ಹೆಸರು. ಓನರಕ್ಕ "ಇದೆಂಥ ಹೆಸರಮ್ಮಾ, ನಾಲಿಗೇನೇ ತಿರುಗಲ್ಲ" ಎಂದು ನಕ್ಕರು. ನಾನೂ ನಕ್ಕೆ. ಕೆಲಸಕ್ಕೆ ಸೇರಿದ ದಿನ ನನಗೂ ಇದೇ ಮಾತು ಹೇಳಿ, ನನ್ನ ಕನ್ನಡಿಯ ಮೇಲೆ ಎರಡಕ್ಷರದ ಬೇರೆ ಹೆಸರು ಅಂಟಿಸಿದವರು ಅವರೇ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ನೀರಿಗೆ ತಲೆಯೊಡ್ಡಿ, ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮಳೆಗೆ ಮುಂಚೆ ಬರುತ್ತಲ್ಲ ತಂಪು ಗಾಳಿ, ನನ್ ಹೆಸರಂದ್ರೆ ಅದಮ್ಮಾ. ದೋಣಿ ನಡೆಸೋರ ಹಳೇ ಮಾತು. ನಮ್ಮಜ್ಜಿ ಕಾಲದಲ್ಲಿ ಮನೆಗೊಬ್ಬಳು ಇದ್ಲಂತೆ. ಈಗ ಯಾರು ಇಡ್ತಾರೆ? ನನ್ ಜೊತೇಗೇ ಹೋಗುತ್ತೆ ಬಿಡು."

ಆಗಲೇ ಕೈ ನಿಂತದ್ದು. ಅಮ್ಮನನ್ನು ನಾನು ಒಮ್ಮೆಯೂ ಕೇಳದಿದ್ದ ಅರ್ಥ ಅದು.

"ಇಲ್ಲಮ್ಮಾ, ನಾನಿದ್ದೀನಿ" ಅನ್ನಬೇಕಿತ್ತು. ಓನರಕ್ಕ ಪಕ್ಕದಲ್ಲೇ ಇದ್ದರು. ಆಗಷ್ಟೇ ನಕ್ಕ ಬಾಯಿಯಿಂದ ಹೇಗೆ ಹೇಳಲಿ? ಟವೆಲ್ ಸುತ್ತುವಾಗ ಆಕೆಯೇ ಕೇಳಿದರು, "ನಿನ್ ಹೆಸರೇನು ಮಗಳೇ?"

ನಾನು ಕನ್ನಡಿಯ ಕಡೆ ಬೆರಳು ತೋರಿಸಿದೆ.

"ಚೆನ್ನಾಗಿದೆ. ಸುಲಭವಾಗಿದೆ," ಎಂದರು. ಥೂ, ನನ್ನ ಜನ್ಮಕ್ಕಿಷ್ಟು.

ದೀಪ ಆರಿಸಿ ಮಲಗು ಅಂತ ಪಕ್ಕದ ಕೋಣೆಯಿಂದ ಅಮ್ಮ ಕೂಗುತ್ತಿದ್ದಾಳೆ, ಅದೇ ಹೆಸರು ಹಿಡಿದು. ಓಗೊಡಲು ಬಾಯಿಯೇ ಬರುತ್ತಿಲ್ಲ.